ಚಳಿಗಾಲದಲ್ಲಿ ಕೋಳಿಗೂಡನ್ನು ಪೂರ್ತಿ ಮುಚ್ಚಬೇಕೇ?

ನವೆಂಬರ್ ಮುಗಿಯುತ್ತಾ ಬಂದಂತೆ ಕೆಂಗೇರಿಯ ಹಿತ್ತಲುಗಳಲ್ಲೂ ವಿಜಯನಗರ, ಬಸವೇಶ್ವರನಗರದ ತಾರಸಿಗಳಲ್ಲೂ ಕೋಳಿಗೂಡುಗಳ ಮೇಲೆ ಟಾರ್ಪಾಲು, ಗೋಣಿಚೀಲ ಏರುತ್ತವೆ. ಕೆಲವರು ಸಂದುಗಳಿಗೆಲ್ಲ ಪ್ಲಾಸ್ಟಿಕ್ ತುರುಕಿ, ರಾತ್ರಿಯಿಡೀ ಉರಿಯುವಂತೆ ಒಂದು ಬಲ್ಬನ್ನೂ ತೂಗುಹಾಕುತ್ತಾರೆ. ನಮಗೇ ಸ್ವೆಟರ್ ಬೇಕಾಗುವಾಗ ಕೋಳಿಗೆ ಚಳಿಯಾಗದೇ ಎಂಬ ಕಾಳಜಿ ಸಹಜ. ಆದರೆ ಬೆಂಗಳೂರಿನ ಮಟ್ಟಿಗೆ ಬೆಳೆದ ಕೋಳಿಗೆ ಚಳಿಗಿಂತ ಗೂಡಿನೊಳಗಿನ ತೇವವೇ ಹೆಚ್ಚು ಅಪಾಯಕಾರಿ. ಗಾಳಿಯಾಡದಂತೆ ಮುಚ್ಚಿದರೆ ಆ ತೇವವನ್ನು ನಾವೇ ಒಳಗೆ ಕೂಡಿಹಾಕಿದಂತೆ.

ಕೋಳಿಗೆ ನಿಜವಾಗಿ ಎಷ್ಟು ಚಳಿ?

ಕೋಳಿಯ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್, ಅಂದರೆ ನಮಗಿಂತ ಹೆಚ್ಚು. ಅದು ಗರಿ ಉಬ್ಬಿಸಿ ಕೂತಾಗ ಗರಿಗಳ ನಡುವೆ ಸಿಕ್ಕಿಕೊಳ್ಳುವ ಗಾಳಿ ಕಂಬಳಿಯಂತೆ ಕೆಲಸ ಮಾಡುತ್ತದೆ. ಡಿಸೆಂಬರ್–ಜನವರಿಯಲ್ಲಿ ಬೆಂಗಳೂರಿನ ಕನಿಷ್ಠ ಉಷ್ಣಾಂಶ ಸರಾಸರಿ 15–16 ಡಿಗ್ರಿ. ಇಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಿಮ ಬೀಳುವ ದೇಶಗಳಲ್ಲೇ ಗೂಡು ಒಣಗಿದ್ದು, ಗಾಳಿ ನೇರವಾಗಿ ಹೊಡೆಯದಿದ್ದರೆ ಕೋಳಿಗಳು ಹೀಟರ್ ಇಲ್ಲದೆ ಚಳಿಗಾಲ ಕಳೆಯುತ್ತವೆ.

ತೇವ ಬರುವುದು ಎಲ್ಲಿಂದ?

ಕೋಳಿ ಬೇರೆಯಾಗಿ ಮೂತ್ರ ಮಾಡುವುದಿಲ್ಲ. ಎಲ್ಲವೂ ಹಿಕ್ಕೆಯಲ್ಲೇ ಹೋಗುವುದರಿಂದ ಹಿಕ್ಕೆಯಲ್ಲಿ ನೀರಿನಂಶ ಹೆಚ್ಚು. ಇದರ ಜೊತೆಗೆ ಉಸಿರಿನ ಆವಿಯೂ ಸೇರುತ್ತದೆ. ಬೆಳಗಿನ ಜಾವ ತಣ್ಣಗಾದ ತಗಡಿನ ಶೀಟಿಗೆ ಈ ಆವಿ ತಗುಲಿ, ಹನಿಯಾಗಿ ಕೆಳಗೆ ತೊಟ್ಟಿಕ್ಕುತ್ತದೆ. ಅಕ್ಟೋಬರ್–ನವೆಂಬರ್ ಮಳೆಯಲ್ಲಿ ನೆಂದ ನೆಲ ಮೊದಲೇ ಹಸಿಯಾಗಿರುತ್ತದೆ. ಹಸಿ ಹಾಸಿನಲ್ಲಿ ಬ್ಯಾಕ್ಟೀರಿಯಾಗಳು ಹಿಕ್ಕೆಯನ್ನು ಕೊಳೆಸಿದಾಗ ಅಮೋನಿಯಾ ಹೊಮ್ಮುತ್ತದೆ. ಅದು ಕೋಳಿಯ ಕಣ್ಣು, ಶ್ವಾಸನಾಳಗಳನ್ನು ಕೆರಳಿಸಿ ಉಸಿರಾಟದ ಸೋಂಕಿಗೆ ದಾರಿ ಮಾಡಿಕೊಡುತ್ತದೆ.

ಪರೀಕ್ಷೆ ಸುಲಭ. ಬೆಳಗ್ಗೆ ಗೂಡಿನ ಬಾಗಿಲು ತೆರೆದ ಕೂಡಲೇ ಕೋಳಿಯ ಎತ್ತರಕ್ಕೆ ಬಗ್ಗಿ ಉಸಿರೆಳೆದುಕೊಳ್ಳಿ. ಮೂಗಿಗೆ ಘಾಟು ಹೊಡೆದು ಕಣ್ಣು ಉರಿದರೆ ಗೂಡಿಗೆ ಗಾಳಿ ಸಾಲುತ್ತಿಲ್ಲ ಎಂದರ್ಥ.

ಹಾಗಾದರೆ ಏನು ಮಾಡಬೇಕು?

• ಮಳೆ ನಿಂತ ಮೇಲೆ ಹಳೆಯ ಹಾಸನ್ನು ಪೂರ್ತಿ ತೆಗೆದು, ನೆಲ ಒಣಗಿಸಿ, ಎರಡು–ಮೂರು ಅಂಗುಲ ಒಣ ಭತ್ತದ ಹೊಟ್ಟು ಅಥವಾ ಮರದ ಹೊಟ್ಟು ಹರಡಿ. ಒದ್ದೆಯಾದ ಭಾಗವನ್ನು ಆಗಾಗ ತೆಗೆಯಿರಿ.

• ಈ ತಿಂಗಳುಗಳಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಆ ಬದಿಗೆ ಕೋಳಿ ಕೂರುವ ಎತ್ತರದವರೆಗೆ ಗೋಣಿಪರದೆ ಕಟ್ಟಿ. ಮಾಡಿನ ಕೆಳಗೆ ಒಂದು ಗೇಣಷ್ಟು ಜಾಗವನ್ನು ಜಾಲರಿ ಹಾಕಿ ತೆರೆದೇ ಬಿಡಿ. ಹಸಿ ಗಾಳಿ ಅಲ್ಲಿಂದ ಹೊರಹೋಗುತ್ತದೆ. ಬೆಕ್ಕು, ಮುಂಗುಸಿಗೂ ಜಾಲರಿ ತಡೆ.

• ಕೋಳಿ ಕೂರಲು ಅಗಲವಾದ ಮರದ ಪಟ್ಟಿ ಕೊಡಿ. ಕಾಲ್ಬೆರಳುಗಳನ್ನು ಹೊಟ್ಟೆಯ ಗರಿಯಡಿ ಮುಚ್ಚಿಕೊಂಡು ಮಲಗಲು ಅದು ಅನುಕೂಲ.

• ಚಳಿಯಲ್ಲಿ ಮೈ ಬೆಚ್ಚಗಿಡಲು ಕೋಳಿ ಹೆಚ್ಚು ತಿನ್ನುತ್ತದೆ. ಸಂಜೆ ಎಂದಿನ ಆಹಾರದ ಜೊತೆ ಒಂದು ಹಿಡಿ ಜೋಳ ಹಾಕಿದರೆ ರಾತ್ರಿಗೆ ಒಳ್ಳೆಯದು.

ಬಲ್ಬು ಬೇಕಿರುವುದು ಮರಿಗಳಿಗೆ

ಮೇಲೆ ಹೇಳಿದ್ದೆಲ್ಲ ಬೆಳೆದ ಕೋಳಿಗಳಿಗೆ. ಮರಿಗಳ ಲೆಕ್ಕವೇ ಬೇರೆ. ಗರಿ ಬಾರದ ಮರಿಗೆ ತನ್ನ ಮೈ ಬಿಸಿ ಕಾಪಾಡಿಕೊಳ್ಳಲು ಬರುವುದಿಲ್ಲ. ತಾಯಿಕೋಳಿ ಇಲ್ಲದಿದ್ದರೆ ಮೊದಲ ವಾರ 32ರಿಂದ 35 ಡಿಗ್ರಿ ಬಿಸಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಇಲ್ಲಿ ಅನೇಕರು ಎಡವುವುದು ಎಲ್ಇಡಿ ಬಲ್ಬು ಹಾಕಿ. ಅದು ಬೆಳಕು ಕೊಡುತ್ತದೆ, ಮರಿಗೆ ಬೇಕಾದಷ್ಟು ಬಿಸಿ ಕೊಡುವುದಿಲ್ಲ. ಹಳೆಯ ಕಾಲದ ತಂತಿಯ ಬಲ್ಬು ಬಿಸಿ ಕೊಡುತ್ತದೆ, ಆದರೆ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತೀತು. ಗಟ್ಟಿ ಸರಪಳಿಯಲ್ಲಿ ಕಟ್ಟಿ, ಸುತ್ತ ತಂತಿಬಲೆ ಹಾಕಿ. ಮರಿಗಳು ಬಲ್ಬಿನಡಿ ಗುಂಪುಗೂಡಿದರೆ ಬಿಸಿ ಸಾಲದು, ದೂರ ಸರಿದು ಬಾಯಿ ಬಿಟ್ಟರೆ ಬಿಸಿ ಹೆಚ್ಚು, ಹರಡಿಕೊಂಡು ಓಡಾಡುತ್ತಿದ್ದರೆ ಸರಿಯಾಗಿದೆ.

ಮೊಟ್ಟೆ ಕಡಿಮೆಯಾಗುವುದು ಚಳಿಯಿಂದಲೇ?

ಬಹುಮಟ್ಟಿಗೆ ಅಲ್ಲ. ಹಗಲು ಕುಗ್ಗುವುದು ಮತ್ತು ಹಳೆ ಗರಿ ಉದುರಿ ಹೊಸದು ಬರುವುದು ಮುಖ್ಯ ಕಾರಣಗಳು. ಗರಿ ಕಟ್ಟಲು ಪ್ರೋಟೀನ್ ಬೇಕಾದ್ದರಿಂದ ಮೊಟ್ಟೆ ಸ್ವಲ್ಪ ಕಾಲ ನಿಲ್ಲುತ್ತದೆ.

ಇದನ್ನು ಮಾತ್ರ ಚಳಿ ಎಂದು ಬಿಡಬೇಡಿ

ಕೋಳಿ ಬಾಯಿ ತೆರೆದು ಉಸಿರಾಡುವುದು, ಹಸಿರು ಭೇದಿ, ಕುತ್ತಿಗೆ ತಿರುಚಿಕೊಳ್ಳುವುದು ಕೊಕ್ಕರೆ ರೋಗದ, ಅಂದರೆ ರಾಣಿಕೇತ್‌ನ ಲಕ್ಷಣಗಳು. ಇದು ವೈರಸ್ ರೋಗ, ಇದಕ್ಕೆ ಔಷಧವಿಲ್ಲ, ಲಸಿಕೆಯಿದೆ. ಕೋಳಿಗಳು ಆರೋಗ್ಯವಾಗಿರುವಾಗಲೇ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಹಾಕಿಸಿ. ಹಲವು ಕೋಳಿಗಳು ಒಮ್ಮೆಗೇ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಅಡುಗೆಗೂ ಬಳಸಬೇಡಿ, ಕೂಡಲೇ ಪಶುವೈದ್ಯರಿಗೆ ತಿಳಿಸಿ. 2018ರ ಜನವರಿಯಲ್ಲಿ ನಮ್ಮ ನಗರದ ದಾಸರಹಳ್ಳಿಯಲ್ಲೇ ಹಕ್ಕಿಜ್ವರ ಪತ್ತೆಯಾಗಿತ್ತು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುವುದು ನಮ್ಮಲ್ಲಿ ರೂಢಿಯ ಮಾತು. ಗೋಣಿಪರದೆಯನ್ನೂ ಅಷ್ಟು ಹೊತ್ತಿಗೆ ಬಿಚ್ಚಿಡಬಹುದು. ಮಾಡಿನ ಕೆಳಗಿನ ಜಾಲರಿ ಮಾತ್ರ ವರ್ಷವಿಡೀ ತೆರೆದಿರಲಿ.