ಜಾಲತಾಣದ ಪಟ್ಟಿಗಳಲ್ಲಿ ಪುಟ ವಿಂಗಡಣೆ

ಡೇಟಾಬೇಸಿನಲ್ಲಿರುವ ದಾಖಲೆಗಳನ್ನು ಜಾಲತಾಣದಲ್ಲಿ ಒಮ್ಮೆಲೇ ತೋರಿಸದೆ, ನಿಗದಿತ ಸಂಖ್ಯೆಯ ಕಂತುಗಳಲ್ಲಿ ತೋರಿಸುವ ಕ್ರಮವೇ ಪುಟ ವಿಂಗಡಣೆ. ಪಟ್ಟಿಯ ಕೆಳಗೆ ಕಾಣುವ 1, 2, 3 ಎಂಬ ಅಂಕಿಗಳು ಇದರ ಹೊರರೂಪ. ಹೊರನಾಡಿನಲ್ಲಿ ನೆಲೆಸಿರುವ ನಾವು ಸಂಘದ ಸದಸ್ಯರ ಪಟ್ಟಿ, ದಾನಿಗಳ ಪಟ್ಟಿ, ವಧೂವರರ ಮಾಹಿತಿ ಮೊದಲಾದವುಗಳನ್ನು ಹೀಗೆಯೇ ಓದುತ್ತೇವೆ. ವಿಂಗಡಣೆ ಸರಿಯಿಲ್ಲದಿದ್ದರೆ ಒಬ್ಬರ ಹೆಸರು ಎರಡು ಸಲ ಬರಬಹುದು. ಇನ್ನೊಬ್ಬರ ಹೆಸರು ಕಣ್ಣಿಗೇ ಬೀಳದಿರಬಹುದು. ತೆರೆಯ ಮೇಲೆ ಅದರ ಸೂಚನೆ ಬರುವುದಿಲ್ಲ. ಹುಡುಕಿದವರು ತಮ್ಮನ್ನು ಕೈಬಿಡಲಾಗಿದೆ ಎಂದು ನೊಂದುಕೊಳ್ಳುತ್ತಾರೆ.

ಎಣಿಸಿ ಬಿಡುವ ಕ್ರಮ

1,200 ಸದಸ್ಯರ ಪಟ್ಟಿಯನ್ನು ಪುಟಕ್ಕೆ 25ರಂತೆ ಹಂಚಿದರೆ 48 ಪುಟಗಳಾಗುತ್ತವೆ. ನಾಲ್ಕನೆಯ ಪುಟಕ್ಕಾಗಿ ಮೊದಲ 75 ಹೆಸರುಗಳನ್ನು ಬಿಟ್ಟು ಮುಂದಿನ 25ನ್ನು ಕೇಳಬೇಕು. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ಗಳಲ್ಲಿ ಎಷ್ಟು ಬೇಕೆಂಬುದನ್ನು ‘ಲಿಮಿಟ್’, ಎಷ್ಟು ಬಿಡಬೇಕೆಂಬುದನ್ನು ‘ಆಫ್‌ಸೆಟ್’ ಎಂಬ ಪದಗಳು ತಿಳಿಸುತ್ತವೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಆಫ್‌ಸೆಟ್’ ಸೌಲಭ್ಯ ಬಂದದ್ದು 2012ರ ಆವೃತ್ತಿಯಲ್ಲಿ.

ಬಿಡುವ ದಾಖಲೆಗಳನ್ನೂ ಯಂತ್ರವು ಎಣಿಸಿಯೇ ಬಿಡಬೇಕು. ಕೊನೆಯ ಪುಟದ 25 ಹೆಸರುಗಳಿಗಾಗಿ 1,175 ಹೆಸರುಗಳನ್ನು ದಾಟಬೇಕು. ಸಾವಿರದ ಪಟ್ಟಿಯಲ್ಲಿ ಇದು ತಿಳಿಯದು. ಲಕ್ಷಗಟ್ಟಲೆ ದಾಖಲೆಗಳಿದ್ದಲ್ಲಿ ಕೊನೆಯ ಪುಟಗಳು ತಡವಾಗಿ ತೆರೆಯುತ್ತವೆ.

ಅನುಕ್ರಮದ ಅಗತ್ಯ

‘ಆರ್ಡರ್ ಬೈ’ ಎಂಬ ಸೂಚನೆಯಿಂದ ಅನುಕ್ರಮವನ್ನು ಹೇಳದಿದ್ದರೆ ದಾಖಲೆಗಳು ಪ್ರತಿ ಸಲವೂ ಒಂದೇ ಸಾಲಿನಲ್ಲಿ ಬರುತ್ತವೆಂಬ ಭರವಸೆಯಿಲ್ಲ. ಊರಿನ ಹೆಸರೊಂದರಿಂದಲೇ ಜೋಡಿಸಿದರೂ ಸಾಲದು. ಒಂದೇ ಊರಿನ ನಲವತ್ತು ಮಂದಿಯಲ್ಲಿ ಯಾರು ಮುಂದು, ಯಾರು ಹಿಂದು ಎಂಬುದು ತೀರ್ಮಾನವಾಗದೆ ಉಳಿಯುತ್ತದೆ. ಆದ್ದರಿಂದ ಊರಿನ ಜೊತೆಗೆ ಸದಸ್ಯತ್ವ ಸಂಖ್ಯೆಯನ್ನೂ ಸೇರಿಸಬೇಕು.

ಕನ್ನಡದ ಪಟ್ಟಿಗಳಿಗೆ ಇನ್ನೊಂದು ತೊಡಕುಂಟು. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಯ ಅಕ್ಷರ. ಯೂನಿಕೋಡ್ ಸಂಕೇತಸಂಖ್ಯೆಗಳಲ್ಲಿ ಅದರ ಸ್ಥಾನ ‘ಲ’ದ ನಂತರವೇ. ಬರಿಯ ಸಂಕೇತಸಂಖ್ಯೆಯಂತೆ ಜೋಡಿಸಿದರೆ ಬಳ್ಳಾರಿಯು ಬಸವಕಲ್ಯಾಣಕ್ಕಿಂತ ಮೊದಲೇ ಬರುತ್ತದೆ. ವರ್ಣಮಾಲೆಯನ್ನು ನಂಬಿ ಮುಂದಿನ ಪುಟಗಳಲ್ಲಿ ಹುಡುಕುವವರಿಗೆ ಬಳ್ಳಾರಿ ಸಿಗದು. ಕನ್ನಡದ ಅಕಾರಾದಿಯನ್ನು ಪಾಲಿಸುವ ಜೋಡಣಾ ನಿಯಮವನ್ನು ಆರಿಸಿಕೊಳ್ಳುವುದು ಇದಕ್ಕೆ ಪರಿಹಾರ.

ಓದುತ್ತಿರುವಾಗ ಬದಲಾಗುವ ಪಟ್ಟಿ

ಹೊಸ ದಾಖಲೆ ಮೊದಲು ಬರುವ ಪಟ್ಟಿಯ ಮೊದಲ ಪುಟವನ್ನು ನಾವು ಓದುತ್ತಿದ್ದೇವೆ ಎಂದಿಟ್ಟುಕೊಳ್ಳೋಣ. ಆಗ ಮೇಲೊಂದು ಹೆಸರು ಸೇರಿದರೆ 25ನೆಯದು 26ನೆಯದಾಗಿ ಎರಡನೆಯ ಪುಟದಲ್ಲಿ ಮತ್ತೆ ಕಾಣುತ್ತದೆ. ಮೊದಲ ಪುಟದ ಒಂದು ಹೆಸರನ್ನು ತೆಗೆದರೆ 26ನೆಯದು ನಾವು ಓದಿ ಮುಗಿಸಿದ ಪುಟಕ್ಕೆ ಜಾರುತ್ತದೆ. ಮುಂದೆ ಹೋದ ನಮಗೆ ಅದು ಕಾಣುವುದೇ ಇಲ್ಲ.

ಗುರುತಿಟ್ಟು ಮುಂದುವರಿಯುವ ಕ್ರಮ

ಬ್ಯಾಂಕಿನಲ್ಲಿ ಕೆಲಸ ಮಾಡುವ ನಮಗೆ ಇದರ ಪರಿಹಾರ ಹೊಸದಲ್ಲ. ಪಾಸ್‌ಬುಕ್ ಮುದ್ರಿಸುವಾಗ ಮೊದಲಿನಿಂದ ಸಾಲುಗಳನ್ನು ಎಣಿಸುವುದಿಲ್ಲ. ಕೊನೆಯದಾಗಿ ಮುದ್ರಿತವಾದ ವ್ಯವಹಾರದ ಗುರುತಿನಿಂದ ಮುಂದಕ್ಕೆ ಸಾಗುತ್ತೇವೆ. ಜಾಲತಾಣವೂ ‘75 ಬಿಟ್ಟು 25 ಕೊಡು’ ಎನ್ನುವ ಬದಲು ‘ಈ ಊರು, ಈ ಸದಸ್ಯತ್ವ ಸಂಖ್ಯೆಯ ನಂತರದ 25 ಕೊಡು’ ಎಂದು ಕೇಳಬಹುದು. ಇದನ್ನು ಕೀಸೆಟ್ ಕ್ರಮ ಎನ್ನುತ್ತಾರೆ. ಹಿಂದಿನ ಪುಟಗಳಲ್ಲಿ ಹೆಸರು ಸೇರಿದರೂ ಹೋದರೂ ಮುಂದಿನ ಪುಟ ಕದಲದು. ತಕ್ಕ ಇಂಡೆಕ್ಸ್ ಇದ್ದರೆ ಎಷ್ಟು ಒಳಗಿನ ಪುಟವಾದರೂ ಬೇಗ ತೆರೆಯುತ್ತದೆ. ಆದರೆ ನೇರವಾಗಿ 30ನೆಯ ಪುಟಕ್ಕೆ ಹಾರುವ ಅನುಕೂಲ ಇದರಲ್ಲಿಲ್ಲ.

ಅಪರೂಪಕ್ಕೆ ಬದಲಾಗುವ ಚಿಕ್ಕ ಪಟ್ಟಿಗೆ ಎಣಿಕೆಯ ಕ್ರಮ ಸಾಕು. ದಿನವೂ ಬೆಳೆಯುವ ದೊಡ್ಡ ಪಟ್ಟಿಗೆ ಗುರುತಿನ ಕ್ರಮ ಲೇಸು. ಯಾವುದನ್ನು ಅನುಸರಿಸಿದರೂ ಒಟ್ಟು ಹೆಸರುಗಳ ಸಂಖ್ಯೆಯನ್ನೂ ಹುಡುಕುವ ಅಂಕಣವನ್ನೂ ಪಟ್ಟಿಯ ಮೇಲ್ಭಾಗದಲ್ಲಿ ಕೊಡುವುದು ಉಚಿತ. ಓದುಗರೂ ಪುಟ ತಿರುವಿ ಹೆಸರು ಸಿಗದಿದ್ದಾಗ, ಅದು ಇಲ್ಲವೆಂದು ತೀರ್ಮಾನಿಸುವ ಮುನ್ನ ಒಮ್ಮೆ ಹೆಸರನ್ನೇ ಬರೆದು ಹುಡುಕಿ ನೋಡಬೇಕೆಂದು ಕೋರುತ್ತೇವೆ.