ಹಳಿ ನಮ್ಮ ನೆಲದಲ್ಲಿ, ಕಾರ್ಖಾನೆ ಇಂಗ್ಲೆಂಡಿನಲ್ಲಿ

ರೈಲು ಬಂದರೆ ಊರು ಉದ್ಧಾರವಾಗುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ಎಷ್ಟೋ ದೇಶಗಳಲ್ಲಿ ಹಾಗೆ ಆಗಿದ್ದೂ ನಿಜ. ರೈಲಿಗೆ ಕಬ್ಬಿಣ ಬೇಕು, ಕಲ್ಲಿದ್ದಲು ಬೇಕು, ಎಂಜಿನ್ ಬೇಕು. ಅವನ್ನು ಒದಗಿಸಲು ಗಣಿ, ಕಾರ್ಖಾನೆಗಳು ಎದ್ದವು. ಆದರೆ ಭಾರತದಲ್ಲಿ 1900ರ ಹೊತ್ತಿಗೆ ಸುಮಾರು 40 ಸಾವಿರ ಕಿಲೋಮೀಟರ್ ರೈಲು ದಾರಿ ಇದ್ದರೂ ಉಕ್ಕಿನ ಹಳಿ ತಯಾರಿಸುವ ಕಾರ್ಖಾನೆ ಒಂದೂ ಇರಲಿಲ್ಲ. ಯಾಕೆ ಹೀಗಾಯಿತು?

ಮೊದಲು ಜರ್ಮನಿಯನ್ನು ನೋಡೋಣ. ಅಲ್ಲಿನ ಮೊದಲ ಉಗಿ ರೈಲು ಓಡಿದ್ದು 1835ರಲ್ಲಿ, ನ್ಯೂರೆಂಬರ್ಗ್‌ನಿಂದ ಫ್ಯೂರ್ತ್‌ಗೆ. ಎಂಜಿನ್ ಇಂಗ್ಲೆಂಡಿನದು, ಅದನ್ನು ಓಡಿಸಿದವನೂ ಇಂಗ್ಲಿಷಿನವನೇ. ಆದರೆ ಆರೇ ವರ್ಷದಲ್ಲಿ, 1841ರಲ್ಲಿ, ಬರ್ಲಿನ್ನಿನ ಬೋರ್ಸಿಗ್ ಕಾರ್ಖಾನೆ ತನ್ನದೇ ಎಂಜಿನ್ ಮಾಡಿತು. 1858ರಲ್ಲಿ ಅದರ ಸಾವಿರದ ಎಂಜಿನ್ ಹೊರಬಂತು.

ನಮ್ಮಲ್ಲಿ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರ ಏಪ್ರಿಲ್ 16ರಂದು, ಬೊಂಬಾಯಿಯಿಂದ ಠಾಣೆಗೆ. ಅಜ್ಮೇರದ ಕಾರ್ಯಾಗಾರದಲ್ಲಿ ಮೊದಲ ಎಂಜಿನ್ ತಯಾರಾಗಿದ್ದು 1895ರಲ್ಲಿ. ನಡುವೆ 42 ವರ್ಷ! ನಮ್ಮ ಕೆಲಸಗಾರರಿಗೆ ಎಂಜಿನ್ ಕಟ್ಟಲು ಬರುತ್ತದೆ ಎಂದು ಗೊತ್ತಾದ ಮೇಲೂ ಆರ್ಡರ್ ಹೋಗುತ್ತಿದ್ದದ್ದು ಹೆಚ್ಚಾಗಿ ಬ್ರಿಟನ್ನಿಗೇ. ಸ್ವಾತಂತ್ರ್ಯದವರೆಗೆ ಅಲ್ಲಿಂದ ಬಂದ ಎಂಜಿನ್‌ಗಳು 10 ಸಾವಿರಕ್ಕೂ ಹೆಚ್ಚು, ಇಲ್ಲಿ ತಯಾರಾದವು 700ರ ಆಸುಪಾಸು.

ಕಂದಾಯ ಕಟ್ಟಿದವರು ಯಾರು?

ಹಳಿ ಹಾಕಿದ್ದು ಲಂಡನ್ನಿನ ಖಾಸಗಿ ಕಂಪನಿಗಳು. ಅವು ಹೂಡಿದ ಹಣಕ್ಕೆ ವರ್ಷಕ್ಕೆ ಸಾಮಾನ್ಯವಾಗಿ ಶೇ. 5ರ ಲಾಭವನ್ನು ಸರ್ಕಾರ ಖಾತರಿ ಮಾಡಿತ್ತು. ಅಷ್ಟು ಗಳಿಕೆ ಆಗದಿದ್ದರೆ ಉಳಿದದ್ದನ್ನು ಭಾರತದ ಬೊಕ್ಕಸದಿಂದ, ಅಂದರೆ ರೈತ ಕಟ್ಟಿದ ಕಂದಾಯದಿಂದಲೇ ತುಂಬಿಕೊಡುತ್ತಿದ್ದರು. ನಷ್ಟದ ಭಯವೇ ಇಲ್ಲದ ಮೇಲೆ ಖರ್ಚಿನ ಮೇಲೆ ಹಿಡಿತ ಯಾಕೆ ಬೇಕು?

ಸಾಗಣೆ ದರವೂ ಹಾಗೇ. ಬಂದರಿಗೆ ಹೋಗುವ ಹತ್ತಿ, ಕಾಳುಗಳಿಗೆ ಮತ್ತು ಬಂದರಿನಿಂದ ಬರುವ ವಿದೇಶಿ ಸರಕಿಗೆ ದರ ಕಡಿಮೆ. ಒಳನಾಡಿನ ಒಂದು ಊರಿನಿಂದ ಇನ್ನೊಂದು ಊರಿಗೆ ಕಳಿಸಿದರೆ ಹೆಚ್ಚು. 1916ರಲ್ಲಿ ನೇಮಕವಾದ ಕೈಗಾರಿಕಾ ಆಯೋಗದ ಮುಂದೆಯೂ ಈ ದೂರು ಬಂತು. ನಮ್ಮ ಹುಬ್ಬಳ್ಳಿ ಸೀಮೆಯ ಹತ್ತಿ ರೈಲು ಹತ್ತಿ ಮಾರ್ಮಗೋವಾ ಬಂದರಿಗೆ ಇಳಿಯುತ್ತಿತ್ತು. ಕಚ್ಚಾ ಮಾಲು ಹೊರಗೆ, ಮಿಲ್ಲಿನ ಬಟ್ಟೆ ಒಳಗೆ. ಊರಿನ ಮಗ್ಗಗಳಿಗೆ ಇದರ ಪೆಟ್ಟು ಬಿತ್ತು.

ಒಂದು ಆರ್ಡರ್ ಮಾಡಿದ ಕೆಲಸ

ರೈಲಿನಿಂದ ಇಲ್ಲಿ ಕೈಗಾರಿಕೆ ಬೆಳೆಯಲೇ ಇಲ್ಲ ಎನ್ನುವಂತಿಲ್ಲ. ಬೊಂಬಾಯಿಯ ಬಟ್ಟೆ ಮಿಲ್ಲು, ಬಂಗಾಳದ ಕಲ್ಲಿದ್ದಲು ಗಣಿಗಳು ರೈಲನ್ನೇ ನಂಬಿ ಬೆಳೆದವು. 1907ರಲ್ಲಿ ಟಾಟಾ ಉಕ್ಕಿನ ಕಂಪನಿ ಶುರುವಾಯಿತು. ಹತ್ತು ವರ್ಷ, ವರ್ಷಕ್ಕೆ 20 ಸಾವಿರ ಟನ್ ಹಳಿ ಕೊಳ್ಳುವುದಾಗಿ ಸರ್ಕಾರ ಒಪ್ಪಿದ್ದು ಆ ಹೊಸ ಕಂಪನಿಗೆ ದೊಡ್ಡ ಆಸರೆಯಾಯಿತು. 1912ರಲ್ಲಿ ಅಲ್ಲಿ ಉಕ್ಕು ಹೊರಬಂತು. ಕೊಳ್ಳುವವರು ಇದ್ದಾರೆ ಎಂಬ ಧೈರ್ಯ ಸಿಕ್ಕರೆ ಕಾರ್ಖಾನೆ ನಿಲ್ಲುತ್ತದೆ. 50 ವರ್ಷ ಮೊದಲೇ ಇಂಥ ಮಾತು ಕೊಟ್ಟಿದ್ದರೆ?

ಮೈಸೂರು ಸಂಸ್ಥಾನದ ಕಥೆ ಸ್ವಲ್ಪ ಬೇರೆ. ಬೀರೂರು–ಶಿವಮೊಗ್ಗ ಮಾರ್ಗ 1899ರಲ್ಲಿ ತೆರೆಯಿತು. ಅದೇ ದಾರಿಯಲ್ಲಿರುವ ಭದ್ರಾವತಿಯಲ್ಲಿ, ವಿಶ್ವೇಶ್ವರಯ್ಯನವರ ಯೋಜನೆಯಂತೆ, 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯದು. ಕಲ್ಲಿದ್ದಲು ಹತ್ತಿರ ಇರಲಿಲ್ಲ, ಹಾಗಾಗಿ ಮಲೆನಾಡಿನ ಮರ ಸುಟ್ಟ ಇದ್ದಿಲೇ ಉರುವಲು. ಅದಕ್ಕೆ ಕಾಡು ತೆತ್ತ ಬೆಲೆಯನ್ನೂ ನಾವು ಮರೆಯಬಾರದು.

ಸ್ವತಂತ್ರ ಭಾರತ 1950ರಲ್ಲಿ ಚಿತ್ತರಂಜನ್‌ನಲ್ಲಿ ಎಂಜಿನ್ ಕಟ್ಟತೊಡಗಿತು. ರೈಲು ಗಾಲಿಗಳ ದೊಡ್ಡ ಪಾಲು ಮಾತ್ರ ಇನ್ನೂ ಹೊರದೇಶದಿಂದಲೇ ಬರುತ್ತಿತ್ತು. ಅದನ್ನು ತಪ್ಪಿಸಲು 1984ರಲ್ಲಿ ಬೆಂಗಳೂರಿನ ಯಲಹಂಕದಲ್ಲಿ ಗಾಲಿ ಕಾರ್ಖಾನೆ ಬಂತು.

ಇವತ್ತೂ ಹೊಸ ರೈಲು ಮಾರ್ಗಕ್ಕೆ ಜಮೀನು ಬಿಟ್ಟುಕೊಡುವವರು ಹಳ್ಳಿಯವರೇ. ಪರಿಹಾರ ಎಷ್ಟು ಎಂದು ಕೇಳುವುದು ಸರಿ. ಜತೆಗೆ ಇನ್ನೂ ಮೂರು ಮಾತು ಕೇಳೋಣ: ರೈಲು ನಮ್ಮ ಸ್ಟೇಷನ್ನಿನಲ್ಲಿ ನಿಲ್ಲುತ್ತದೆಯೇ? ನಮ್ಮ ಬೆಳೆ ತುಂಬಲು ಗೂಡ್ಸ್ ಶೆಡ್ ಇರುತ್ತದೆಯೇ? ಸಾಗಣೆ ದರ ನಮ್ಮ ಕೈಗೆಟುಕುತ್ತದೆಯೇ?