ಬಂಗಾರಪೇಟೆಯ ರೈಲು ತಂತಿ ಮತ್ತು ಗಟ್ಟಿಯಾದ ತಾಮ್ರ

ಹಳಿಯ ಮೇಲಿನ ಎರಡು ತಂತಿ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ತಲೆಯೆತ್ತಿ ನೋಡಿದರೆ ಹಳಿಯ ಮೇಲೆ ಒಂದರ ಮೇಲೊಂದು ಎರಡು ತಂತಿ ಕಾಣುತ್ತವೆ. ಎಂಜಿನ್ನಿನ ನೆತ್ತಿಯ ಮೇಲಿನ ಕರೆಂಟು ಪಡೆಯುವ ಚೌಕಟ್ಟು, ಅಂದರೆ ಪ್ಯಾಂಟೋಗ್ರಾಫ್, ಉಜ್ಜಿಕೊಂಡು ಹೋಗುವುದು ಕೆಳಗಿನದನ್ನು. ರೈಲ್ವೆಯ 25 ಕಿಲೋವೋಲ್ಟ್ ವ್ಯವಸ್ಥೆಯಲ್ಲಿ ಅದು ಸಾಮಾನ್ಯವಾಗಿ 107 ಚದರ ಮಿ.ಮೀ. ಅಡ್ಡಕೊಯ್ತದ, ಎಳೆದು ಗಡುಸಾಗಿಸಿದ ತಾಮ್ರ. ಅದರ ಭಾರ ಹೊತ್ತಿರುವ ಮೇಲಿನ ತಂತಿ, ಅಂದರೆ ಕ್ಯಾಟನರಿ, 19 ಎಳೆ ಹೊಸೆದ 65 ಚದರ ಮಿ.ಮೀ. ಹುರಿ. ಇದಕ್ಕೆ ಬಹುಕಾಲದಿಂದ ಬಳಸಿದ್ದು ಬರೀ ತಾಮ್ರವನ್ನಲ್ಲ, ಸುಮಾರು ಶೇ. 1 ಕ್ಯಾಡ್ಮಿಯಂ ಬೆರೆತ ತಾಮ್ರವನ್ನು.

ಎರಡನ್ನೂ ಸುಮಾರು ಒಂದೊಂದು ಟನ್ ಬಲದಲ್ಲಿ ಬಿಗಿದಿರುತ್ತಾರೆ. ಬಿಸಿಲಿಗೆ ತಾಮ್ರ ಹಿಗ್ಗುತ್ತದೆ: 750 ಮೀಟರ್ ತಂತಿ 30 ಡಿಗ್ರಿ ಹೆಚ್ಚು ಕಾದರೆ ಸುಮಾರು 38 ಸೆಂ.ಮೀ. ಉದ್ದವಾಗುತ್ತದೆ. ತಂತಿ ಕೊನೆಗೊಳ್ಳುವ ಕಂಬದಲ್ಲಿ ರಾಟೆಗೆ ನೇತುಹಾಕಿದ ತೂಕದ ಬಿಲ್ಲೆಗಳು ಆಗ ಕೆಳಗಿಳಿದು ಬಿಗಿತ ಕಾಯುತ್ತವೆ. ಹಗಲಿರುಳೂ ಹೀಗೆ ಎಳೆಸಿಕೊಂಡಿರಬೇಕಾದ ತಂತಿ ಮೆತ್ತಗಿದ್ದರೆ ನಡೆಯದು.

ಚಿನ್ನದ ಗಣಿಗೆ ಬಂದ ಕರೆಂಟು

ಈ ಸೀಮೆಗೆ ವಿದ್ಯುತ್ ತಂತಿಯ ನಂಟು ರೈಲಿಗಿಂತ ಮೊದಲೇ ಗಣಿಯಿಂದ ಬಂದದ್ದು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿ.ಮೀ. ದಾಟಿ ಹತ್ತಿರದ ಕೋಲಾರ ಚಿನ್ನದ ಗಣಿಗಳನ್ನು (ಕೆ.ಜಿ.ಎಫ್.) ತಲುಪಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಅಷ್ಟು ದೂರ ಸಾಗಿಸುವಾಗ ತಂತಿ ಬಿಸಿಯಾಗಿ ವಿದ್ಯುತ್ ಸೋರಿಹೋಗುತ್ತದೆ. ಕರೆಂಟು ಅರ್ಧಕ್ಕಿಳಿದರೆ ಈ ನಷ್ಟ ಕಾಲು ಭಾಗಕ್ಕಿಳಿಯುತ್ತದೆ. ಅದಕ್ಕೇ ವೋಲ್ಟೇಜು ಏರಿಸುವ ಉಪಾಯ. ಇದಕ್ಕೆ ಜೊತೆಯಾಗಿ ತಂತಿಯ ರೋಧವೂ ಕಡಿಮೆಯಿರಬೇಕು.

ಬೆರೆಸಿದರೆ ನಷ್ಟ ಎಷ್ಟು?

ವಿದ್ಯುತ್ ವಾಹಕತೆಯಲ್ಲಿ ಬೆಳ್ಳಿಯ ನಂತರದ ಸ್ಥಾನ ತಾಮ್ರದ್ದು. 1913ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ಅಳತೆಯಲ್ಲಿ ಕಾಯಿಸಿ ಹದ ಮಾಡಿದ ತಾಮ್ರಕ್ಕೆ 100 ಅಂಕ. ಇದಕ್ಕೆ ಏನೇ ಬೆರೆಸಿದರೂ ಅಂಕ ಇಳಿಯುತ್ತದೆ, ಏಕೆಂದರೆ ಸಾಲಾಗಿ ಕೂತ ತಾಮ್ರದ ಪರಮಾಣುಗಳ ನಡುವೆ ಪರಕೀಯ ಪರಮಾಣು ನುಸುಳಿದರೆ ಎಲೆಕ್ಟ್ರಾನುಗಳು ದಿಕ್ಕು ತಪ್ಪುತ್ತವೆ. ಆದರೆ ಎಲ್ಲ ಬೆರಕೆಯೂ ಒಂದೇ ಅಲ್ಲ. ಶೇ. 0.02ರಷ್ಟು ರಂಜಕವೇ ಅಂಕವನ್ನು ಸುಮಾರು 85ಕ್ಕೆ ತರುತ್ತದೆ. ಶೇ. 30 ಸತುವಿರುವ ಹಿತ್ತಾಳೆಗೆ ಸುಮಾರು 28. ಶೇ. 0.1 ಬೆಳ್ಳಿ ಸೇರಿದರೆ ಮಾತ್ರ 97ಕ್ಕಿಂತ ಕೆಳಗಿಳಿಯುವುದಿಲ್ಲ; ಮೇಲಾಗಿ ಕಾದಾಗಲೂ ಗಡಸುತನ ಉಳಿಯುತ್ತದೆ. ಮೋಟಾರಿನ ಕಮ್ಯುಟೇಟರಿಗೆ ಇದನ್ನು ಬಳಸುವುದು ಆ ಕಾರಣಕ್ಕೆ.

ಕ್ಯಾಡ್ಮಿಯಂ ನಡುವಿನ ದಾರಿ. ಲೆಕ್ಕದಲ್ಲಿ 65 ಚದರ ಮಿ.ಮೀ. ಕ್ಯಾಟನರಿಯನ್ನು 50 ಚದರ ಮಿ.ಮೀ. ತಾಮ್ರಕ್ಕೆ ಸಮವೆಂದು ಹಿಡಿಯುತ್ತಾರೆ. ಕಾಲು ಭಾಗದಷ್ಟು ವಾಹಕತೆ ಬಿಟ್ಟುಕೊಟ್ಟು ಬಲ ಗಳಿಸಿದ ಲೆಕ್ಕಾಚಾರ ಇದು, ನನ್ನ ಮಟ್ಟಿಗೆ ಲಾಭದ್ದೇ.

ಕ್ರೋಮಿಯಂ–ಜಿರ್ಕೋನಿಯಂ ಜಾಣ್ಮೆ

ಇನ್ನೂ ಚತುರ ದಾರಿಯೆಂದರೆ ಬೆರೆಸಿದ್ದನ್ನು ಆಮೇಲೆ ಹೊರತಳ್ಳುವುದು. ಶೇ. 1ರ ಆಸುಪಾಸಿನ ಕ್ರೋಮಿಯಂ, ಅದಕ್ಕಿಂತ ಬಹಳ ಕಡಿಮೆ ಜಿರ್ಕೋನಿಯಂ ಸೇರಿಸಿ, ಸುಮಾರು 980 ಡಿಗ್ರಿಗೆ ಕಾಯಿಸಿ ನೀರಿಗದ್ದಿದರೆ ಕ್ರೋಮಿಯಂ ತಾಮ್ರದೊಳಗೇ ಸಿಕ್ಕಿಕೊಳ್ಳುತ್ತದೆ. ಆಗ ಲೋಹ ಮೆತ್ತಗೂ ಇರುತ್ತದೆ, ವಾಹಕತೆಯೂ ಕಳಪೆ. ಮತ್ತೆ 450ರಿಂದ 480 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ಕ್ರೋಮಿಯಂ ಸೂಕ್ಷ್ಮ ಕಣಗಳಾಗಿ ಬೇರ್ಪಡುತ್ತದೆ. ತಾಮ್ರ ಮತ್ತೆ ಶುದ್ಧವಾಗಿ ಅಂಕ 80ರ ಹತ್ತಿರಕ್ಕೇರುತ್ತದೆ. ಕಣಗಳು ಲೋಹವನ್ನು ಗಡುಸಾಗಿಸುತ್ತವೆ.

ಸ್ಪಾಟ್ ವೆಲ್ಡಿಂಗ್ ಎಲೆಕ್ಟ್ರೋಡು, ಮಿಗ್ ವೆಲ್ಡಿಂಗ್ ಟಾರ್ಚಿನ ತುದಿಯ ಟಿಪ್ಪು ಇದರಿಂದಾಗುತ್ತವೆ. ಕೆ.ಜಿ.ಎಫ್.ನ ಬಿ.ಇ.ಎಂ.ಎಲ್. ಕಾರ್ಖಾನೆಯಲ್ಲಿ ತಯಾರಾಗುವ ಬುಲ್ಡೋಜರ್, ಎಕ್ಸ್‌ಕವೇಟರುಗಳಂಥ ಭಾರಿ ಯಂತ್ರಗಳ ಉದ್ಯಮಕ್ಕೆ ವೆಲ್ಡಿಂಗೇ ಬೆನ್ನೆಲುಬು. ಬೆರಳುದ್ದವೂ ಇಲ್ಲದ ಆ ಟಿಪ್ಪಿನ ತೂತಿನೊಳಗೆ ವೆಲ್ಡಿಂಗ್ ತಂತಿ ಉಜ್ಜುತ್ತಲೇ ಹರಿದು ಕರೆಂಟು ಪಡೆಯುತ್ತದೆ. ಬರೀ ತಾಮ್ರದ ಟಿಪ್ಪಾದರೆ ಕಾವಿಗೆ ಮೆತ್ತಗಾಗಿ ತೂತು ಬೇಗ ಸವೆದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಆರ್ಕು ತೊದಲುತ್ತದೆ.

ಕ್ಯಾಡ್ಮಿಯಂನ ವಿಷ

ಮತ್ತೆ ಕ್ಯಾಟನರಿಯ ಮಾತಿಗೆ ಬಂದರೆ, ಕ್ಯಾಡ್ಮಿಯಂ 767 ಡಿಗ್ರಿಯಲ್ಲೇ ಕುದಿಯುತ್ತದೆ, ತಾಮ್ರ ಕರಗುವುದು 1085ಕ್ಕೆ. ಹಾಗಾಗಿ ಕುಲುಮೆಯಲ್ಲಿ ಅದರ ಹೊಗೆ ಏಳುವುದು ಖಂಡಿತ. ಆ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಮಾರಕ. ಕಂಬದ ಮೇಲಿರುವಾಗ ತಂತಿಯಿಂದ ಅಂಥ ಭಯವಿಲ್ಲ. ಗುಜರಿಗೆ ಹೋದ ಹಳೆಯ ಹುರಿಯನ್ನು ತಾಮ್ರವೆಂದುಕೊಂಡು ಗ್ಯಾಸ್ ಕಟರಿನಲ್ಲಿ ಕತ್ತರಿಸುವವರಿಗೆ, ಕರಗಿಸುವವರಿಗೆ ಇದೆ. ಹೊರದೇಶಗಳ ವೇಗದ ರೈಲುಮಾರ್ಗಗಳಲ್ಲಿ ಈಗ ಕ್ಯಾಡ್ಮಿಯಂ ಬದಲು ಮೆಗ್ನೀಸಿಯಂ ಬೆರೆತ ತಾಮ್ರ ಬಳಕೆಯಲ್ಲಿದೆ. ಶೇ. 0.5 ಮೆಗ್ನೀಸಿಯಂ ಇದ್ದರೆ ಅಂಕ ಸುಮಾರು 62 ಅಷ್ಟೇ, ಆದರೆ ಇನ್ನೂ ಬಿಗಿಯಾಗಿ ಎಳೆಯಬಹುದು.